ವಾರಕ್ಕೊಮ್ಮೆ ಮೂಗಿಗೆ ಕಡ್ಡಿ, ಇಲ್ಲಾಂದ್ರೆ ಶಾಲೆಗೆ ಬರಬೇಡಿ: ಬೋರ್ಡ್ ಮೀಟಿಂಗ್‌ನಲ್ಲಿ ಏನು ಹೇಳಲಿ?

ಮಲ್ಲಿಗೆಬಳ್ಳಿ (ದಕ್ಷಿಣ ಕ್ಯಾಲಿಫೋರ್ನಿಯಾ, ಫೆಬ್ರವರಿ 2022)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮಗಳು ಮೂರನೇ ಕ್ಲಾಸು, ಇಲ್ಲಿನ ಪಬ್ಲಿಕ್ ಸ್ಕೂಲು, ಅಂದರೆ ಸರ್ಕಾರಿ ಶಾಲೆ. ನಮ್ಮ ಶಾಲಾ ಡಿಸ್ಟ್ರಿಕ್ಟ್ (ಇಲ್ಲಿನ ಸರ್ಕಾರಿ ಶಾಲೆಗಳನ್ನ ನಡೆಸುವ ಆಡಳಿತ) ಸಣ್ಣದು, ಹೆಸರು ಹೇಳಿದರೆ ನಾನು ಯಾರು ಅಂತ ಗೊತ್ತಾಗಿಬಿಡುತ್ತದೆ, ಹಾಗಾಗಿ ಹೇಳುವುದಿಲ್ಲ. ಇಷ್ಟು ದಿನ ಇಲ್ಲಿ ಕೋವಿಡ್ ಟೆಸ್ಟ್ ಬೇಕಾದವರಿಗೆ ಮಾತ್ರ ಇತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರ ಮಕ್ಕಳಿಗೆ ವಾರಕ್ಕೊಮ್ಮೆ ಮಾಡುತ್ತಿದ್ದರು. ಈಗ ಲಾಸ್ ಏಂಜಲೀಸ್‌ನವರ ಥರ ಎಲ್ಲರಿಗೂ ಕಡ್ಡಾಯ ಮಾಡೋಣ ಅಂತ ಒಂದು ಪ್ರಸ್ತಾಪ ಬಂದಿದೆ. ಲಸಿಕೆ ಹಾಕಿಸಿದವರೂ ಸೇರಿ. ಬೇಡ ಅಂದರೆ ಮಗು ಮನೆಯಲ್ಲಿ ಕೂತು ಆನ್‌ಲೈನ್ ಓದಬೇಕು.

ನಾನು ಟೆಸ್ಟ್ ವಿರೋಧಿ ಅಲ್ಲ, ಇದನ್ನ ಮೊದಲೇ ಹೇಳಿಬಿಡುತ್ತೇನೆ. ಮಗಳಿಗೆ ನವೆಂಬರ್‌ನಲ್ಲಿ ಲಸಿಕೆ ಬಂದ ವಾರವೇ ಹಾಕಿಸಿದವಳು ನಾನು. ಆ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದ್ದೆ. ಆಮೇಲೆ ಆಗಿದ್ದು ಕೇಳಿ.

ಡಿಸೆಂಬರ್‌ನಲ್ಲಿ ಒಂದು ಬುಧವಾರ ಶಾಲೆಯಿಂದ ಫೋನ್ ಬಂತು. ಪಾಸಿಟಿವ್, ತಕ್ಷಣ ಬಂದು ಕರೆದುಕೊಂಡು ಹೋಗಿ. ನಾನು ಮೀಟಿಂಗ್ ಬಿಟ್ಟು ಓಡಿದೆ. ಆಫೀಸಿನ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅವಳನ್ನ ಒಬ್ಬಳನ್ನೇ ಕೂರಿಸಿದ್ದರು. ಕೆಮ್ಮಿಲ್ಲ, ಜ್ವರ ಇಲ್ಲ, ಏನೂ ಇಲ್ಲ. ಮಾರನೇ ದಿನ ಹೊರಗೆ ದುಡ್ಡು ಕೊಟ್ಟು ಪಿಸಿಆರ್ ಮಾಡಿಸಿದೆವು, ನೆಗೆಟಿವ್. ಎರಡು ದಿನ ಬಿಟ್ಟು ಇನ್ನೊಂದು, ಅದೂ ನೆಗೆಟಿವ್. ಮನೆಯಲ್ಲಿ ನಾಲ್ಕೂ ಜನಕ್ಕೆ ನೆಗೆಟಿವ್. ಶಾಲೆಯವರು "ನಮ್ಮ ರಿಪೋರ್ಟೇ ಲೆಕ್ಕಕ್ಕೆ" ಅಂದರು. ಆಗ ನಿಯಮ 10 ದಿನ ಇತ್ತು, 10 ದಿನವೂ ಮನೆಯಲ್ಲೇ. ಕ್ಲಾಸಿನ ನಾಟಕದಲ್ಲಿ ಅವಳು ಮರ ಆಗಬೇಕಿತ್ತು. ಮರ ಆಗಲಿಲ್ಲ. ಈಗಲೂ ಮಂಗಳವಾರ ರಾತ್ರಿ ಬಂದರೆ "ನಾಳೆ ನನ್ನನ್ನ ಮತ್ತೆ ಹೊರಗೆ ಕೂರಿಸ್ತಾರಾ" ಅಂತ ಕೇಳುತ್ತಾಳೆ.

ಅವತ್ತೇ ಒಪ್ಪಿಗೆ ವಾಪಸ್ ತಗೊಂಡೆ. ಆ ಹಕ್ಕು ನನ್ನ ಕೈಲಿ ಇತ್ತಲ್ಲ, ಅದೇ ಈಗ ಹೋಗುತ್ತಿರುವುದು. ಮುಂದಿನ ವಾರ ಜನ ಆರಿಸಿದ ಶಾಲಾ ಬೋರ್ಡ್‌ನ ಮೀಟಿಂಗ್. ಅಲ್ಲಿ ಎದ್ದು ನಿಂತು ಮಾತಾಡಬೇಕು ಅಂತಿದ್ದೇನೆ. ನಮ್ಮ ಯಜಮಾನರು "ಸುಮ್ನೆ ಯಾಕೆ, ವೀಸಾ ಮೇಲೆ ಇರೋರು ನಾವು" ಅಂತಾರೆ. ಮಾತಾಡಬಹುದಾ? ಏನು ಹೇಳಲಿ?

---

ವ್ಯಾಲಿ ಶೆಟ್ರು

ಮಾತಾಡಿ. ಧಾರಾಳವಾಗಿ ಮಾತಾಡಿ. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಅಂತ ಕಾನೂನು ಇದೆ. ಕೆಲವು ವಿಷಯ ಬಿಟ್ಟರೆ ಶಾಲಾ ಬೋರ್ಡ್ ಸಭೆ ಮುಚ್ಚಿದ ಬಾಗಿಲಲ್ಲಿ ಮಾಡುವ ಹಾಗಿಲ್ಲ, ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು, ಆ ವಿಷಯ ಬಂದಾಗ ಅಥವಾ ಅದಕ್ಕೂ ಮೊದಲು ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು. ಸಿಟಿಜನ್ನಾ, ವೀಸಾನಾ ಅಂತ ಯಾರೂ ಕೇಳುವುದಿಲ್ಲ. ಎರಡೋ ಮೂರೋ ನಿಮಿಷ ಕೊಡುತ್ತಾರೆ ಅಷ್ಟೇ, ಹಾಗಾಗಿ ಬರೆದುಕೊಂಡು ಹೋಗಿ.

ಈಗ ಲಾಸ್ ಏಂಜಲೀಸ್ ವಿಷಯ. ನನ್ನ ಇಬ್ಬರು ಮಕ್ಕಳೂ ಅಲ್ಲೇ. ಆಗಸ್ಟ್ 16, 2021ಕ್ಕೆ ಶಾಲೆ ಶುರುವಾದ ದಿನದಿಂದ ಲಸಿಕೆ ಹಾಕಿಸಿರಲಿ ಬಿಡಲಿ, ಎಲ್ಲಾ ಮಕ್ಕಳಿಗೂ ಎಲ್ಲಾ ಸಿಬ್ಬಂದಿಗೂ ವಾರಕ್ಕೊಮ್ಮೆ ಪಿಸಿಆರ್. ಡೈಲಿ ಪಾಸ್ ಅಂತ ಒಂದು ಆ್ಯಪ್, ದಿನಾ ಬೆಳಿಗ್ಗೆ ಅದರಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟು ಕ್ಯೂಆರ್ ಕೋಡ್ ತೋರಿಸಿದರೆ ಗೇಟು ತೆಗೆಯುತ್ತದೆ. ಟೆಸ್ಟ್ ಬೇಡ ಅಂದವರಿಗೆ ಸಿಟಿ ಆಫ್ ಏಂಜಲ್ಸ್ ಅನ್ನೋ, ಮನೆಯಲ್ಲೇ ಕೂತು ಓದುವ ಸ್ಕೂಲು. ಹೆಸರು ಚೆನ್ನಾಗಿದೆ, ಅಲ್ವಾ.

ನಾನು ಮೊದಲು ಇದನ್ನ ಒಪ್ಪಿದ್ದೆ. ಒಂದು ವರ್ಷಕ್ಕೂ ಹೆಚ್ಚು ಮುಚ್ಚಿದ್ದ ಶಾಲೆ ಪೂರ್ತಿ ತೆಗೆಯಬೇಕು, ಟೀಚರ್‌ಗಳ ಯೂನಿಯನ್ ಒಪ್ಪಬೇಕು, ಚಿಕ್ಕ ಮಕ್ಕಳಿಗೆ ಲಸಿಕೆ ಇಲ್ಲ. ಆಗ ಅದು ಶಾಲೆಯ ಬಾಗಿಲು ತೆಗೆಯೋ ಕೀಲಿ ಆಗಿತ್ತು. ಈಗ ಅದೇ ಕೀಲಿಯಿಂದ ಬಾಗಿಲು ಹಾಕ್ತಿದ್ದಾರೆ ಅನ್ನಿಸ್ತಿದೆ. 5ರಿಂದ 11 ವರ್ಷದವರಿಗೂ ಲಸಿಕೆ ಬಂತು, ಅಂಗಡಿಯಲ್ಲಿ ಮನೆಯಲ್ಲೇ ಟೆಸ್ಟ್ ಮಾಡುವ ಕಿಟ್ ಬಂತು, ಸರ್ಕಾರವೇ ಜನವರಿಯಿಂದ ಮನೆಗೆ ನಾಲ್ಕು ಕಿಟ್ ಪೋಸ್ಟ್‌ನಲ್ಲಿ ಕಳಿಸುತ್ತಿದೆ. ಆದರೂ ವಾರದ ಕಡ್ಡಿ ನಿಂತಿಲ್ಲ. ಶುರು ಮಾಡುವಾಗ ಯಾವಾಗ ನಿಲ್ಲಿಸುತ್ತೀರಿ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳಿ.

---

ಲ್ಯಾಬ್‌ಕೋಟು

ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೈಯಬೇಡಿ. ಎಂಟು ವರ್ಷದಿಂದ ಪಿಸಿಆರ್ ಲ್ಯಾಬ್‌ನಲ್ಲಿ ಕೆಲಸ. ಕಳೆದ ಎರಡು ವರ್ಷ ಹಗಲು ರಾತ್ರಿ ಇದೇ.

ಮಲ್ಲಿಗೆಬಳ್ಳಿಯವರೇ, ನಿಮ್ಮ ಮಗಳದ್ದು ತಪ್ಪು ರಿಪೋರ್ಟ್ ಅಂತ ಖಚಿತವಾಗಿ ಹೇಳೋಕೆ ಆಗಲ್ಲ. ಪಿಸಿಆರ್ ಅಂದರೆ ವೈರಸ್ಸಿನ ಚೂರನ್ನ ಮತ್ತೆ ಮತ್ತೆ ದುಪ್ಪಟ್ಟು ಮಾಡಿ ಹುಡುಕುವುದು. 40 ಸುತ್ತಿನವರೆಗೂ ಓಡಿಸುತ್ತಾರೆ. ಒಂದೂವರೆ ತಿಂಗಳ ಹಿಂದೆ ಗೊತ್ತಾಗದ ಹಾಗೆ ಬಂದು ಹೋಗಿದ್ದರೂ ಸತ್ತ ಚೂರು ಸಿಗಬಹುದು, ಒಂದು ದಿನ ಸಿಕ್ಕಿ ಮಾರನೇ ದಿನ ಸಿಗದೇ ಇರಬಹುದು. ಅದಕ್ಕೇ ಒಮ್ಮೆ ಪಾಸಿಟಿವ್ ಆದವರಿಗೆ 90 ದಿನ ಸುಮ್ಮನೆ ಟೆಸ್ಟ್ ಮಾಡಬೇಡಿ ಅಂತ ಸಿಡಿಸಿಯೇ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಹೇಳಿರುವುದು. ಅಥವಾ ಟ್ಯೂಬ್ ಅದಲುಬದಲು ಆಗಿರಬಹುದು. ಆಗುತ್ತದೆ. ಮನುಷ್ಯರೇ ಅಲ್ವಾ ಲೇಬಲ್ ಅಂಟಿಸೋದು.

ಆದರೆ ಟೆಸ್ಟ್‌ನಿಂದ ಏನೂ ಉಪಯೋಗ ಇಲ್ಲ ಅನ್ನಬೇಡಿ. ಇದೇ ಜನವರಿಯಲ್ಲಿ ರಜೆ ಮುಗಿಸಿ ಶಾಲೆ ತೆಗೆಯುವ ಮುಂಚೆ ಲಾಸ್ ಏಂಜಲೀಸ್‌ನಲ್ಲಿ ಎಲ್ಲರಿಗೂ ಟೆಸ್ಟ್ ಮಾಡಿದರು. ಮಕ್ಕಳು, ಸಿಬ್ಬಂದಿ ಸೇರಿ 60 ಸಾವಿರಕ್ಕೂ ಜಾಸ್ತಿ ಪಾಸಿಟಿವ್ ಬಂತು. ಅಷ್ಟೂ ಜನ ಒಂದೇ ದಿನ ಕ್ಲಾಸಿನೊಳಗೆ ಬಂದು ಕೂತಿದ್ದರೆ? ನಮ್ಮ ಪಕ್ಕದ ಮನೆ ಹುಡುಗನಿಗೆ ಕಿಡ್ನಿ ಕಸಿ ಆಗಿದೆ. ಲಸಿಕೆ ಅವನ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅವನಿಗೂ ಶಾಲೆಗೆ ಹೋಗುವ ಹಕ್ಕು ಇದೆ ತಾನೇ. ನಿಮ್ಮ ಎರಡು ನಿಮಿಷದಲ್ಲಿ ಅವನಿಗೂ ಹತ್ತು ಸೆಕೆಂಡ್ ಕೊಡಿ.

---

ವ್ಯಾಲಿ ಶೆಟ್ರು

ಲ್ಯಾಬ್‌ಕೋಟು, ನಿಮ್ಮ ಮಾತಿಗೆ ಗೌರವ ಇದೆ. ಆದರೆ ನೀವು ಕೊಟ್ಟ ಉದಾಹರಣೆಯೇ ನನ್ನ ವಾದ. ಜನವರಿಯಲ್ಲಿ ಮಾಡಿದ್ದು ರಜೆ ಮುಗಿದ ಮೇಲೆ, ಓಮಿಕ್ರಾನ್ ಉಕ್ಕಿ ಹರಿಯುವಾಗ, ಒಂದು ಸಲ. ಮೀನು ತುಂಬಿರುವ ಕೆರೆಗೆ ಬಲೆ ಹಾಕಿದರೆ ಮೀನೇ ಸಿಗುತ್ತದೆ. ಖಾಲಿ ಕೆರೆಗೆ ವಾರ ವಾರ ಬಲೆ ಹಾಕಿದರೆ?

ಲೆಕ್ಕ ಹಾಕಿ ನೋಡೋಣ. ಒಂದು ಡಿಸ್ಟ್ರಿಕ್ಟ್‌ನಲ್ಲಿ 5,000 ಮಕ್ಕಳು ಅಂದುಕೊಳ್ಳಿ. ಸೋಂಕು ಕಮ್ಮಿ ಆಗಿ ಸಾವಿರಕ್ಕೆ ಒಬ್ಬರಿಗೆ ಇದೆ, ಅಂದರೆ ನಿಜವಾಗಿ 5 ಮಕ್ಕಳು. ಟೆಸ್ಟು, ಲೇಬಲ್ಲು, ಟೈಪಿಂಗು ಎಲ್ಲಾ ಸೇರಿ ಇನ್ನೂರಕ್ಕೆ ಒಂದು ತಪ್ಪಿದರೂ ಸಾಕು, ವಾರಕ್ಕೆ 25 ಮಕ್ಕಳು ಏನೂ ಇಲ್ಲದೆ ಮನೆಗೆ. 30 ಪಾಸಿಟಿವ್‌ನಲ್ಲಿ 25 ಸುಳ್ಳು! ಹಾಗೆ ವರ್ಷಪೂರ್ತಿ.

---

ಲ್ಯಾಬ್‌ಕೋಟು

ಇನ್ನೂರಕ್ಕೆ ಒಂದು ಅನ್ನೋದು ಜಾಸ್ತಿ ಆಯ್ತು ಶೆಟ್ರೇ. ಒಳ್ಳೆ ಲ್ಯಾಬ್‌ನಲ್ಲಿ ಸಾವಿರಕ್ಕೆ ಒಂದು ಅನ್ನಿ. ಆಗ 5 ನಿಜ, 5 ಸುಳ್ಳು.

ಆದರೂ ಅರ್ಧಕ್ಕರ್ಧ ಸುಳ್ಳು. ಹೂಂ. ಸೋಂಕು ಕಮ್ಮಿ ಇದ್ದಾಗ ಲೆಕ್ಕ ಕೆಡುತ್ತದೆ ಅನ್ನೋದು ನಿಜ, ಒಪ್ಪುತ್ತೇನೆ. ಹಾಗಿರುವಾಗ ಪಾಸಿಟಿವ್ ಬಂದ ಮಗುವಿಗೆ ತಕ್ಷಣ ಇನ್ನೊಂದು ಟೆಸ್ಟ್ ಮಾಡಬೇಕು, ಎರಡಕ್ಕೂ ತಾಳೆ ನೋಡಬೇಕು. "ನಮ್ಮ ರಿಪೋರ್ಟೇ ಲೆಕ್ಕಕ್ಕೆ" ಅಂದಿದ್ದು ನನ್ನ ಪ್ರಕಾರ ತಪ್ಪೇ. ನಮ್ಮ ಲ್ಯಾಬ್‌ನಲ್ಲಿ ಹಾಗೆ ಅಂದರೆ ಬಾಸ್ ಕಿವಿ ಹಿಂಡುತ್ತಾರೆ.

---

ಸತ್ಯಶೋಧಕ_99

ಎಲ್ಲಾ ನಾಟಕ ಸ್ವಾಮಿ. ಆ ಕಡ್ಡಿ ತುದಿಯಲ್ಲೇ ಏನೋ ಹಚ್ಚಿರ್ತಾರೆ. ಡಿಎನ್ಎ ಕಲೆಕ್ಟ್ ಮಾಡಿ ಮಾರ್ತಾರೆ. ಎದ್ದೇಳಿ ಜನರೇ!!

---

ಮಲ್ಲಿಗೆಬಳ್ಳಿ

ಅಣ್ಣಾ, ದಯವಿಟ್ಟು ಬೇಡ. ಬೋರ್ಡ್‌ನವರು ಕಾಯುತ್ತಿರುವುದೇ ಇಂಥ ಮಾತಿಗೆ. ಒಬ್ಬರು ಎದ್ದು ಕಡ್ಡಿಗೆ ವಿಷ ಹಚ್ಚಿದ್ದಾರೆ ಅಂದರೆ ಸಾಕು, ಆಮೇಲೆ ಮಾತಾಡುವ ನಾವೆಲ್ಲರೂ ಅದೇ ಬುಟ್ಟಿಗೆ.

---

ರೈನ್ ದಂಡೆ (ಡ್ಯೂಸೆಲ್ಡಾರ್ಫ್)

ಜರ್ಮನಿಯಿಂದ ಒಂದು ಕಥೆ. ನಮ್ಮ ರಾಜ್ಯದಲ್ಲಿ (ನಾರ್ತ್ ರೈನ್ ವೆಸ್ಟ್‌ಫಾಲಿಯಾ) 2021ರ ಏಪ್ರಿಲ್‌ನಿಂದ ಟೆಸ್ಟ್ ಕಡ್ಡಾಯ. ಟೆಸ್ಟ್ ಇಲ್ಲದೆ ಕ್ಲಾಸಿಗೆ ಪ್ರವೇಶ ಇಲ್ಲ. ಮೇ 10ರಿಂದ ಪ್ರೈಮರಿ ಮಕ್ಕಳಿಗೆ ಲೊಲ್ಲಿ ಟೆಸ್ಟ್ ಬಂತು. ಮೂಗಿಗೆ ಏನೂ ಇಲ್ಲ, ಕಡ್ಡಿಯನ್ನ ಲಾಲಿಪಾಪ್ ಥರ 30 ಸೆಕೆಂಡ್ ಚೀಪಬೇಕು. ವಾರಕ್ಕೆ ಎರಡು ಸಲ. ಇಡೀ ಕ್ಲಾಸಿನ ಕಡ್ಡಿಗಳನ್ನ ಒಂದೇ ಟ್ಯೂಬಿಗೆ ಹಾಕಿ ಒಂದೇ ಪಿಸಿಆರ್. ಅದು ನೆಗೆಟಿವ್ ಆದರೆ ಎಲ್ಲರೂ ನಿರಾಳ. ಪಾಸಿಟಿವ್ ಆದರೆ ಯಾರದ್ದು ಅಂತ ಒಬ್ಬೊಬ್ಬರದನ್ನೇ ನೋಡಬೇಕು.

ನಿಜ ಹೇಳಬೇಕು ಅಂದರೆ ಮೊದಮೊದಲು ಚೆನ್ನಾಗಿಯೇ ನಡೆಯಿತು. ನನ್ನ ಮಗ ಖುಷಿಯಿಂದ ಚೀಪುತ್ತಿದ್ದ, ಯಾಕೆ ರುಚಿ ಇಲ್ಲ ಅಂತ ಮಾತ್ರ ದೂರು. ಆದರೆ ಈ ಜನವರಿಯಲ್ಲಿ ಓಮಿಕ್ರಾನ್ ಬಂತು ನೋಡಿ, ಹೆಚ್ಚುಕಮ್ಮಿ ಪ್ರತಿ ಕ್ಲಾಸಿನ ಟ್ಯೂಬೂ ಪಾಸಿಟಿವ್. ಲ್ಯಾಬ್‌ಗಳಿಗೆ ತಡೆಯಲಾಗಲಿಲ್ಲ. ಒಬ್ಬೊಬ್ಬರ ಪಿಸಿಆರ್ ನೋಡುವುದನ್ನೇ ಕೈಬಿಟ್ಟರು, ಅದರ ಬದಲು ಬೆಳಿಗ್ಗೆ ರ‍್ಯಾಪಿಡ್ ಟೆಸ್ಟ್ ಮಾಡಿ ಅಂದರು. ಅಂದರೆ ಯಾವ ತಿಂಗಳು ಈ ವ್ಯವಸ್ಥೆ ನಿಜಕ್ಕೂ ಬೇಕಿತ್ತೋ ಅದೇ ತಿಂಗಳು ಕುಸಿಯಿತು. ಬಿಸಿಲಲ್ಲಿ ಚೆನ್ನಾಗಿದ್ದು ಮಳೆ ಬಂದಾಗ ಹರಿಯುವ ಕೊಡೆ. ಅಷ್ಟು ಹೊತ್ತಿಗೆ ತಂದೆತಾಯಿ ಮಾತ್ರ ಕಡ್ಡಾಯಕ್ಕೆ ಒಗ್ಗಿಹೋಗಿದ್ದರು.

ಇನ್ನೊಂದು. ಇಲ್ಲಿ ಕೆಲವರು ಕೋರ್ಟಿಗೆ ಹೋದರು. ವೈಮಾರ್‌ನಲ್ಲಿ ಒಬ್ಬ ಕೌಟುಂಬಿಕ ನ್ಯಾಯಾಲಯದ ಜಡ್ಜ್ 2021ರ ಏಪ್ರಿಲ್‌ನಲ್ಲಿ ಎರಡು ಶಾಲೆಗಳಿಗೆ ಮಾಸ್ಕು, ಟೆಸ್ಟು ಹೇರಬೇಡಿ ಅಂತ ಆದೇಶ ಕೊಟ್ಟರು. ವಾಟ್ಸಾಪಲ್ಲಿ ಭಾರೀ ಓಡಾಡಿತು. ಮೇಲಿನ ಕೋರ್ಟು ಇದು ನಿಮ್ಮ ಅಧಿಕಾರದೊಳಗೆ ಬರುವುದೇ ಇಲ್ಲ ಅಂತ ಮುಂದಿನ ತಿಂಗಳೇ ತಳ್ಳಿಹಾಕಿತು. ಹಾಗಾಗಿ ಯಾರಾದರೂ "ಕೇಸ್ ಹಾಕೋಣ, ದುಡ್ಡು ಕೂಡಿಸಿ" ಅಂತ ಬಂದರೆ ಯೋಚನೆ ಮಾಡಿ. ಬೋರ್ಡ್ ಮೀಟಿಂಗೇ ವಾಸಿ. ವೋಟಿಗೆ ಹೆದರುವವರು ಅಲ್ಲಿ ಕೂತಿರುತ್ತಾರೆ.

---

ಹಳ್ಳಿ ಮೇಷ್ಟ್ರು (ಚಾಮರಾಜನಗರ ಜಿಲ್ಲೆ)

ನಾನು ಇಲ್ಲಿ ಬರೀ ಓದುವವನು, ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 2020ರಲ್ಲಿ ವಿದ್ಯಾಗಮ ಅಂತ ಮರದ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದೆವು. ಅದೂ ನಡುವೆ ನಿಂತಿತು. ಎರಡನೇ ಅಲೆ ಮುಗಿದ ಮೇಲೆ ಶಾಲೆ ಮತ್ತೆ ತೆಗೆದದ್ದು 2021ರಲ್ಲಿ: 9, 10ನೇ ತರಗತಿಗೆ ಆಗಸ್ಟ್ 23, 6ರಿಂದ 8ಕ್ಕೆ ಸೆಪ್ಟೆಂಬರ್ 6, ಚಿಕ್ಕವರಿಗೆ ಅಕ್ಟೋಬರ್ 25. ಅಪ್ಪ ಅಮ್ಮನ ಒಪ್ಪಿಗೆ ಚೀಟಿ ಬೇಕಿತ್ತು, ಗೇಟಲ್ಲಿ ಜ್ವರ ನೋಡುತ್ತಿದ್ದೆವು. ವಾರ ವಾರ ಎಲ್ಲರಿಗೂ ಟೆಸ್ಟ್ ಅನ್ನೋದು ಇರಲಿಲ್ಲ. ಮಾಡೋಕೆ ಯಾರಿದ್ದರು? ಆರೋಗ್ಯ ಕೇಂದ್ರದ ಒಬ್ಬ ಸಿಸ್ಟರ್ ಮೇಲೆ ಎಷ್ಟೋ ಹಳ್ಳಿಗಳ ಭಾರ.

ಟೆಸ್ಟ್ ಆಗುತ್ತಿದ್ದದ್ದು ಜ್ವರ ಕೆಮ್ಮು ಬಂದವರಿಗೆ, ಮನೆಯಲ್ಲಿ ಯಾರಿಗಾದರೂ ಬಂದಿದ್ದವರಿಗೆ. ಕಡ್ಡಿ ಹಿಡಿದು ವ್ಯಾನ್ ಬಂದರೆ ಮಕ್ಕಳು ಕಾಂಪೌಂಡ್ ಹಾರಿ ಹೊಲಕ್ಕೆ ಓಡುತ್ತಿದ್ದರು, ಅದನ್ನ ನೋಡಿದವನು ನಾನು. ಟೆಸ್ಟ್ ಇದೆ ಅಂತ ಗೊತ್ತಾದ ದಿನ ಹಾಜರಿ ಅರ್ಧ. ಇಬ್ಬರು ಹುಡುಗರು ಆಮೇಲೆ ವಾಪಸ್ ಬರಲೇ ಇಲ್ಲ, ಒಬ್ಬ ಇಟ್ಟಿಗೆ ಗೂಡಿಗೆ ಸೇರಿದ. ಅದಕ್ಕೆ ಟೆಸ್ಟೇ ಕಾರಣ ಅನ್ನಲಾರೆ, ಒಂದೂವರೆ ವರ್ಷದ ರಜೆ ಕಾರಣ. ಆದರೆ ಬಾಗಿಲಲ್ಲಿ ನಿಂತ ಮಗುವನ್ನು ವಾಪಸ್ ಓಡಿಸಲು ಒಂದು ಸಣ್ಣ ನೆಪ ಸಾಕಾಗುತ್ತದೆ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2021ರ ಜೂನ್, ಜುಲೈನಲ್ಲಿ ರಕ್ತ ಪರೀಕ್ಷೆ ಮಾಡಿ ನೋಡಿತ್ತು. ದೇಶದಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57.2 ಜನಕ್ಕೆ ಆಗಲೇ ಸೋಂಕು ಬಂದು ಹೋದ ಗುರುತು ಇತ್ತು. ನಾವು ಶಾಲೆ ಮುಚ್ಚಿಕೊಂಡು ಕೂತಿದ್ದಾಗಲೇ ಅಷ್ಟು ಜನಕ್ಕೆ ಬಂದಿತ್ತು! ಇಡೀ ದೇಶದಲ್ಲಿ ಎಷ್ಟು ಹರಡಿದೆ ಅಂತ ತಿಳಿಯಲು ಹಾಗೆ ಕೆಲವರ ಮಾದರಿ ತಗೊಂಡರೆ ಸಾಕು. ಒಬ್ಬೊಬ್ಬ ಮಗುವನ್ನೂ ವಾರ ವಾರ ಸಾಲಾಗಿ ನಿಲ್ಲಿಸಬೇಕಿಲ್ಲ. ನಿಮ್ಮ ಅಮೆರಿಕದವರಿಗೆ ಮೇಷ್ಟ್ರು ಬುದ್ಧಿ ಹೇಳಿದ ಹಾಗಾಯ್ತು, ಕ್ಷಮಿಸಿ.

---

ಬಾಸ್ಟನ್ ಬೆಣ್ಣೆದೋಸೆ

ಕಡ್ಡಾಯ ಬೇಡ ಅಂದರೆ ಮತ್ತೇನು ಅಂತ ಬೋರ್ಡ್‌ನವರು ಕೇಳೇ ಕೇಳುತ್ತಾರೆ, ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಟೆಸ್ಟ್ ಆ್ಯಂಡ್ ಸ್ಟೇ ಅಂತ ಇತ್ತು. ಕ್ಲಾಸಲ್ಲಿ ಯಾರಿಗೋ ಬಂದರೆ ಪಕ್ಕದಲ್ಲಿ ಕೂತಿದ್ದವರು ಮನೆಗೆ ಹೋಗುವ ಬದಲು ದಿನಾ ಟೆಸ್ಟ್ ಮಾಡಿಸಿಕೊಂಡು ಕ್ಲಾಸಲ್ಲೇ ಇರಬಹುದು. ಈಗ ಜನವರಿಯಲ್ಲಿ ಅದನ್ನೂ ಬಿಟ್ಟು, ಬೇಕು ಅಂದವರಿಗೆ ಮನೆಗೇ ಕಿಟ್ ಕೊಡುವ ಕಡೆ ಹೊರಳಿದ್ದಾರೆ. ನರ್ಸ್‌ಗಳಿಗೆ ಸಂಪರ್ಕ ಹುಡುಕುವುದೇ ಕೆಲಸ ಆಗಿಬಿಟ್ಟಿತ್ತು, ಬಿದ್ದು ಮಂಡಿ ಕೆತ್ತಿಸಿಕೊಂಡ ಮಗುವಿಗೆ ಬ್ಯಾಂಡೇಜ್ ಹಾಕೋಕೂ ಪುರುಸೊತ್ತಿಲ್ಲ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್‌ನವರು 201 ಶಾಲೆಗಳಲ್ಲಿ ಮಾಡಿದ ಅಧ್ಯಯನ ಕಳೆದ ಸೆಪ್ಟೆಂಬರ್‌ನಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ, ಅದನ್ನ ಹೇಳಿ. ಸಂಪರ್ಕಕ್ಕೆ ಬಂದವರನ್ನ 10 ದಿನ ಮನೆಗೆ ಕಳಿಸಿದರೂ, ಶಾಲೆಯಲ್ಲೇ ಇಟ್ಟುಕೊಂಡು ದಿನಾ ಟೆಸ್ಟ್ ಮಾಡಿದರೂ ಸೋಂಕು ಹರಡುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಲ್ಲೂ ಒಪ್ಪಿದವರಿಗೆ ಮಾತ್ರ ಟೆಸ್ಟ್. ಟೆಸ್ಟ್ ಅಲ್ಲಿ ಮಗುವನ್ನ ಶಾಲೆಯೊಳಗೆ ಉಳಿಸಿಕೊಳ್ಳೋಕೆ ಬಳಕೆ ಆಯ್ತು. ನಿಮ್ಮಲ್ಲಿ ಹೊರಗಿಡೋಕೆ. ಈಗ ಫೆಬ್ರವರಿ 21ರಿಂದ ಇಂಗ್ಲೆಂಡಿನ ಮಾಮೂಲಿ ಶಾಲೆಗಳಲ್ಲಿ ವಾರಕ್ಕೆರಡು ಸಲದ ಟೆಸ್ಟನ್ನೂ ನಿಲ್ಲಿಸಿದ್ದಾರೆ.

ಮತ್ತೆ ಆ ರಿಪೋರ್ಟ್ ಯಾರ ಹತ್ತಿರ ಇರುತ್ತದೆ ಅಂತ ಕೇಳೋದು ಮರೀಬೇಡಿ. ಹಿಪಾ ಕಾನೂನು (ಆಸ್ಪತ್ರೆ, ವಿಮೆಯವರ ಹತ್ತಿರ ಇರುವ ಆರೋಗ್ಯ ದಾಖಲೆಯ ಗುಟ್ಟು ಕಾಯುವುದು) ಕಾಪಾಡುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪಬ್ಲಿಕ್ ಸ್ಕೂಲ್ ಇಟ್ಟುಕೊಂಡ ಮಗುವಿನ ದಾಖಲೆಗೆ ಸಾಮಾನ್ಯವಾಗಿ ಅನ್ವಯಿಸೋದು ಫೆರ್ಪಾ, ಅದು ಶಾಲಾ ದಾಖಲೆಗಳಿಗೆ ಇರುವ ಬೇರೆ ಕಾನೂನು. ಹೊರಗಿನ ಕಂಪನಿಗೆ ಕೊಟ್ಟಿದ್ದರೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ ಅಂತ ಬರಹದಲ್ಲಿ ಕೇಳಿ. ಸತ್ಯಶೋಧಕರ ಡಿಎನ್ಎ ಕಥೆ ಬೇರೆ, ಇದು ಬೇರೆ.

---

ಲ್ಯಾಬ್‌ಕೋಟು

ಬೆಣ್ಣೆದೋಸೆ ಹೇಳಿದ್ದು ಸರಿ ಇದೆ. ಲಕ್ಷಣ ಇದ್ದವರಿಗೆ, ಸಂಪರ್ಕ ಇದ್ದವರಿಗೆ, ದೊಡ್ಡ ರಜೆ ಮುಗಿದ ಮೇಲೆ ಮನೆ ಕಿಟ್. ಇಷ್ಟಾದರೆ ನಮ್ಮ ಪಕ್ಕದ ಮನೆ ಹುಡುಗನಿಗೂ ಸುಮಾರು ರಕ್ಷಣೆ ಸಿಗುತ್ತದೆ. ಪೂರ್ತಿ ಅಲ್ಲ. ಅವನ ಅಮ್ಮನಿಗೆ ಇದು ಸಮಾಧಾನ ಆಗಲ್ಲ ಅಂತ ನನಗೆ ಗೊತ್ತು, ನನಗೂ ಪೂರ್ತಿ ಆಗಿಲ್ಲ. ಆದರೆ ಒಪ್ಪದ ಮಗುವನ್ನ ಶಾಲೆಯಿಂದಲೇ ಹೊರಗೆ ಹಾಕಿ ಅಂತ ನಾನು ಹೇಳಲಾರೆ.

---

ಮಲ್ಲಿಗೆಬಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮದನ್ನ ನಮ್ಮ ಯಜಮಾನರಿಗೂ ಓದಿ ಹೇಳಿದೆ.

ಬರೆದುಕೊಂಡಿರುವುದು ಇಷ್ಟು, ಸರಿ ಇದೆಯಾ ನೋಡಿ. (ಇಂಗ್ಲಿಷಲ್ಲಿ ಹೇಳಬೇಕು, ಆದರೆ ಕನ್ನಡದಲ್ಲಿ ಬರೆದರೆ ನನಗೆ ತಲೆ ಓಡುತ್ತದೆ.)

"ನನ್ನ ಮಗಳು ಲಸಿಕೆ ಹಾಕಿಸಿಕೊಂಡಿದ್ದಾಳೆ. ನಾನು ಟೆಸ್ಟ್‌ಗೆ ಸಹಿ ಹಾಕಿದ್ದವಳು. ಡಿಸೆಂಬರ್‌ನಲ್ಲಿ ಒಂದು ರಿಪೋರ್ಟ್ ಪಾಸಿಟಿವ್ ಬಂತು, ಎರಡು ನೆಗೆಟಿವ್ ಬಂದವು, ನೀವು ಒಂದನ್ನೇ ನಂಬಿದಿರಿ. ಟೆಸ್ಟ್ ಇಡಿ. ಬೇಕು ಅಂದವರಿಗೆ ಕೊಡಿ, ಹುಷಾರಿಲ್ಲದವರಿಗೆ ಕೊಡಿ, ರಜೆ ಮುಗಿದಾಗ ಮನೆಗೆ ಕಿಟ್ ಕೊಡಿ, ಕಾಯಿಲೆ ಇರುವ ಮಕ್ಕಳ ಕ್ಲಾಸಿನವರು ಜಾಸ್ತಿ ಮಾಡಿಸಿಕೊಳ್ಳಲಿ, ಮೊದಲು ನಾವೇ ಮಾಡಿಸುತ್ತೇವೆ. ಆದರೆ ಕ್ಯಾಲಿಫೋರ್ನಿಯಾದ ಸಂವಿಧಾನ ಉಚಿತ ಶಾಲೆ ಕೊಡುತ್ತೇವೆ ಅಂದಿದೆ. ಅದಕ್ಕೆ ಪ್ರತಿ ವಾರ ಮೂಗು ತೋರಿಸಬೇಕು ಅನ್ನೋ ಷರತ್ತು ಸೇರಿಸುವುದಾದರೆ ಮೂರು ಪ್ರಶ್ನೆಗೆ ಉತ್ತರ ಕೊಡಿ. ಯಾವ ದಿನ ನಿಲ್ಲಿಸುತ್ತೀರಿ? ತಪ್ಪು ರಿಪೋರ್ಟ್ ಬಂದ ಮಗು ಎಷ್ಟು ಗಂಟೆಯೊಳಗೆ ವಾಪಸ್ ಕ್ಲಾಸಿಗೆ ಬರುತ್ತದೆ? ರಿಪೋರ್ಟ್ ಯಾರ ಹತ್ತಿರ ಇರುತ್ತದೆ?"

ಓದಿ ನೋಡಿದೆ, ಒಂದು ನಿಮಿಷ ಐವತ್ತು ಸೆಕೆಂಡ್. ಅಳು ಬರದಿದ್ದರೆ.

---

ವ್ಯಾಲಿ ಶೆಟ್ರು

ಚೆನ್ನಾಗಿದೆ. ನಾಟಕದ ಮರದ ವಿಷಯ ಯಾಕೆ ಬಿಟ್ಟಿರಿ? ಲೆಕ್ಕ ಯಾರಿಗೂ ನೆನಪಿರಲ್ಲ, ಮರ ನೆನಪಿರುತ್ತದೆ. ಸೇರಿಸಿ.

---

ಮಲ್ಲಿಗೆಬಳ್ಳಿ

ಅಜೆಂಡಾ ಬಂತು. ನಮ್ಮದು ಒಂಬತ್ತನೇ ಐಟಂ, ರಾತ್ರಿ ಎಂಟಾಗಬಹುದು. ಮಾತಾಡಲು ಎರಡೇ ನಿಮಿಷ. ಮರ ಸೇರಿಸಿದೆ, ಹತ್ತು ಸೆಕೆಂಡ್ ಹೆಚ್ಚಾಯ್ತು, ಈಗ ಸರಿಯಾಗಿ ಎರಡು ನಿಮಿಷ. ಯಜಮಾನರು ಮಗಳನ್ನ ನೋಡಿಕೊಂಡು ಮನೆಯಲ್ಲೇ ಇರ್ತೀನಿ ಅಂದಿದ್ದಾರೆ.